ಘಾಟಿಯಲ್ಲಿ ವಾಂತಿ, ತಾತನ ಬಿಸ್ಕತ್ತು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಧಾಟಿಯವು. ‘ನಾನಾಗಿ ಮಾಡಿದ್ದಲ್ಲ ಉಸ್ತಾದ್, ತಾನಾಗಿ ಆಯ್ತು. ನೋಂಬು ಉಳೀತಾ, ಹೋಯ್ತಾ?’ ನೋಂಬು ಅಂದರೆ ರಂಝಾನ್ ಉಪವಾಸ. ಅಂಥ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಚಿಕ್ಕಮಗಳೂರಿನ ಹಾಸ್ಟೆಲ್‌ನಿಂದ ಮಂಗಳೂರಿಗೆ ಬರುತ್ತಿದ್ದೆ. ಚಾರ್ಮಾಡಿ ಘಾಟಿ ಇಳಿಯುವಾಗ ವಾಂತಿ ಆಯಿತು. ಪಕ್ಕದ ಹೆಂಗಸು ‘ಇನ್ನೆಲ್ಲಿ ನೋಂಬು ಮಗಳೇ, ಏನಾದ್ರೂ ಕುಡಿ’ ಎಂದರು. ಉಜಿರೆಯಲ್ಲಿ ಇಳಿದು ಪುನರ್ಪುಳಿ ಶರಬತ್ತು ಕುಡಿದೆ. ಈಗ ಮನೆಯಲ್ಲಿ ಪ್ರಾಯಶ್ಚಿತ್ತವಾಗಿ 60 ದಿನ ಹಿಡಿಯಬೇಕು ಎನ್ನುತ್ತಿದ್ದಾರೆ. (ವಿದ್ಯಾರ್ಥಿನಿ)

ಉತ್ತರ: ಆ ತಿರುವುಗಳಲ್ಲಿ ನನಗೂ ಹೊಟ್ಟೆ ತೊಳಸಿದೆ ಮಗಳೇ. ನಿನ್ನ ನೋಂಬು ಘಾಟಿಯಲ್ಲಿ ಮುರಿಯಲಿಲ್ಲ, ಉಜಿರೆಯಲ್ಲಿ ಮುರಿಯಿತು.

ತಡೆಯಲಾಗದೆ ವಾಂತಿ ಬಂದವರಿಗೆ ಕಝಾ (ಬದಲಿಗೆ ಆಮೇಲೆ ಹಿಡಿಯುವ ನೋಂಬು) ಇಲ್ಲ, ಬೇಕೆಂದೇ ಬರಿಸಿಕೊಂಡವರು ಕಝಾ ಹಿಡಿಯಲಿ ಎಂಬ ಹದೀಸ್ (ಪ್ರವಾದಿಯವರ ಮಾತು) ಅವರ ಒಡನಾಡಿ ಅಬೂ ಹುರೈರಾ (ರ) ಅವರಿಂದ ಬಂದಿದೆ. ತಿರ್ಮಿದಿ, ಅಬೂದಾವೂದ್ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಗಂಟಲಿಗೆ ಬೆರಳು ಹಾಕಿದರೆ ಹೋಯಿತು, ತಾನಾಗಿ ನುಗ್ಗಿದರೆ ಇಲ್ಲ. ಎಷ್ಟು ಬಂತು ಅನ್ನುವುದು ಲೆಕ್ಕಕ್ಕಿಲ್ಲ. ಬೇಕೆಂದೇ ಮಾಡಿಕೊಂಡಾಗ ಮಾತ್ರ ಹನಫಿ ಪಂಥದವರು ಬಾಯಿ ತುಂಬ ಬಂತೇ ಎಂದು ನೋಡುತ್ತಾರೆ.

ವಾಂತಿ ಆದ ಮೇಲಿನ ಒಂದು ನಿಮಿಷ ಮಾತ್ರ ನಮ್ಮ ಕೈಯಲ್ಲಿರುತ್ತದೆ. ಬಾಯಿಗೆ ಬಂದದ್ದನ್ನು ಗೊತ್ತಿದ್ದೂ ನುಂಗಬಾರದು. ಬಾಟಲಿ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಬೇಕು, ಆಮೇಲೆಯೇ ಎಂಜಲು ನುಂಗಬೇಕು. ನೀರು ಬಾಯಿಗೆ ಹೋದರೆ ನೋಂಬು ಹೋಗುತ್ತದೆಂದು ಹೆದರಿ, ವಾಸನೆ ಬಾಯಲ್ಲೇ ಇಟ್ಟುಕೊಂಡು ಬಿ.ಸಿ.ರೋಡ್ ತನಕ ಕೂರುವವರನ್ನು ನೋಡಿದ್ದೇನೆ. ಅದು ಉಲ್ಟಾ.

60 ದಿನದ ಮಾತು ಬಿಟ್ಟುಬಿಡು. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಅದು ಗಂಡ ಹೆಂಡಿರ ಸಂಬಂಧದಿಂದ ಹಗಲಿನ ನೋಂಬು ಮುರಿದವರಿಗೆ. ತಿಂದು ಕುಡಿದದ್ದಕ್ಕೂ ಅದನ್ನು ಹೇಳುವ ಹನಫಿಗಳು ಕೂಡ, ನೋಂಬು ಮುರಿಯಿತೆಂದು ತಪ್ಪು ತಿಳಿದು ಕುಡಿದ ನಿನ್ನಂಥವರಿಗೆ ಒಂದೇ ಕಝಾ ಎನ್ನುತ್ತಾರೆ. ಒಂದು ದಿನ ಹಿಡಿ, ಸಾಕು. ತಲೆಸುತ್ತು ತಡೆಯಲಾರದೆ ಕುಡಿದಿದ್ದರೆ ಅದಕ್ಕೂ ರಿಯಾಯಿತಿ ಇದೆ. ಕಾಯಿಲೆಯವರು ಬೇರೆ ದಿನ ಹಿಡಿಯಲಿ ಎಂದು ಕುರ್‌ಆನ್‌ನಲ್ಲೇ (2:184) ಇದೆಯಲ್ಲ. ಆ ಹೆಂಗಸಿನ ಮೇಲೆ ಬೇಜಾರು ಬೇಡ, ಪಾಪ, ಕನಿಕರದಿಂದ ಹೇಳಿದ್ದು.

ಪ್ರಶ್ನೆ: ತಾತನಿಗೆ 81. ಬೇಡವೆಂದರೂ ರೋಜಾ (ನೋಂಬು) ಇಡುತ್ತಾರೆ, ಹನ್ನೊಂದಕ್ಕೆ ಮರೆತು ಚಹಾ ಕೇಳುತ್ತಾರೆ. ಮೊನ್ನೆ ಬಿಸ್ಕತ್ತು ಅದ್ದಿ ತಿನ್ನುವಾಗ ‘ತಾತಾ, ರೋಜಾ!’ ಎಂದುಬಿಟ್ಟೆ. ಬಾಯಲ್ಲಿದ್ದದ್ದನ್ನು ಅಂಗೈಗೆ ಉಗುಳಿ ಅತ್ತರು. ನಾವು ಹನಫಿಗಳು. (ಹುಬ್ಬಳ್ಳಿಯ ಓದುಗ)

ಉತ್ತರ: ಅಂಗೈಯ ಆ ಬಿಸ್ಕತ್ತು ಓದಿ ನನಗೂ ಹೇಗೋ ಆಯಿತು.

ತಾತನ ರೋಜಾಗೆ ಏನೂ ಆಗಿಲ್ಲ. ಮರೆತು ತಿಂದವರು, ಕುಡಿದವರು ರೋಜಾ ಪೂರ್ತಿ ಮಾಡಲಿ, ಅವರಿಗೆ ಉಣಿಸಿದ್ದು ಅಲ್ಲಾಹ್ ಎಂದು ಪ್ರವಾದಿ (ಸ) ಹೇಳಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಒಂದು ತುತ್ತಾದರೂ ಒಂದು ತಟ್ಟೆಯಾದರೂ ಅಷ್ಟೇ. ನೆನಪಾದ ಮೇಲೆ ನುಂಗಬಾರದು, ಅದನ್ನು ನಿಮ್ಮ ತಾತ ಸರಿಯಾಗೇ ಮಾಡಿದ್ದಾರೆ.

ನೀವು ಕೂಗಬೇಕಿತ್ತೇ? ನಿಮ್ಮ ಹನಫಿ ಫಿಕ್ಹ್‌ನಲ್ಲೇ (ಧರ್ಮಶಾಸ್ತ್ರದಲ್ಲೇ) ಇದಕ್ಕೆ ಚಂದದ ಉತ್ತರ ಇದೆ. ಗಟ್ಟಿಮುಟ್ಟಾದ ಹುಡುಗ ಮರೆತು ತಿನ್ನುತ್ತಿದ್ದರೆ ನೆನಪಿಸಿ. ಬಡಕಲು ಮುದುಕರಾದರೆ ಸುಮ್ನೆ ಇರುವುದೇ ಒಳ್ಳೆಯದು. ನಾಳೆ ಚಹಾ ಕೇಳಿದರೆ ಕೊಟ್ಟು ಆಚೆ ಹೋಗಿ. ಮರೆವು ಬುದ್ಧಿಯನ್ನೇ ಮುಸುಕುವಷ್ಟಾಗಿದ್ದರೆ ರೋಜಾ ಅವರ ಮೇಲೆ ಕಡ್ಡಾಯವೇ ಅಲ್ಲ.

ನನ್ನದೂ ಒಂದಿದೆ. ಒಂಬತ್ತು ವರ್ಷ, ಮಳೆಗಾಲದ ರಂಝಾನ್. ಅಜ್ಜಿ ಸಣ್ಣ ಮಕ್ಕಳಿಗೆಂದು ಕೆಂಡದಲ್ಲಿ ಹಲಸಿನ ಹಪ್ಪಳ ಸುಡುತ್ತಿದ್ದರು. ಎರಡು ತಿಂದಾಗಿತ್ತು, ಮೂರನೆಯದು ಮುರಿಯುವಾಗ ನೆನಪಾಯಿತು. ಅಜ್ಜಿ ಇಕ್ಕಳ ಕೂಡ ಕೆಳಗಿಡದೆ ‘ಎರಡು ಅವನು ಕೊಟ್ಟದ್ದು, ಮೂರನೆಯದು ಇಟ್ಟುಬಿಡು’ ಎಂದರು. ಓದು ಬರಹ ಬಾರದವರು.

ಪ್ರಶ್ನೆ: ಹಗಲು ಮಲಗಿದಾಗ ಕೆಟ್ಟ ಕನಸು ಬಿದ್ದು ಬಟ್ಟೆ ಒದ್ದೆಯಾಯಿತು. ಯಾರನ್ನೂ ಕೇಳಲಾಗುತ್ತಿಲ್ಲ. (ಹೆಸರು ಬೇಡ)

ಉತ್ತರ: ನೋಂಬು ಮುರಿದಿಲ್ಲ. ನಿದ್ದೆಯಲ್ಲಿ ಆದದ್ದಕ್ಕೆ ತಪ್ಪೂ ಇಲ್ಲ, ಕಝಾನೂ ಇಲ್ಲ. ನಮಾಝಿಗೆ ಮುಂಚೆ ಗುಸ್ಲ್ (ಶುದ್ಧಿಸ್ನಾನ) ಮಾಡು, ಅಷ್ಟೇ. ರಾತ್ರಿ ಆಗಿ, ಸುಬ್‌ಹಿ ಬಾಂಗ್ (ನಸುಕಿನ ನಮಾಝಿನ ಕರೆ) ಆದ ಮೇಲೆ ಸ್ನಾನ ಮಾಡಿದರೂ ನೋಂಬು ಸಿಂಧುವೇ. ಪ್ರವಾದಿಯವರು (ಸ) ಗುಸ್ಲ್ ಕಡ್ಡಾಯವಾಗಿರುವಾಗಲೇ ಬೆಳಗಾಗಿ, ಆಮೇಲೆ ಸ್ನಾನ ಮಾಡಿ ನೋಂಬು ಹಿಡಿದದ್ದನ್ನು ಅವರ ಪತ್ನಿಯರಾದ ಆಯಿಶಾ (ರ), ಉಮ್ಮು ಸಲಮಾ (ರ) ಇಬ್ಬರೂ ಹೇಳಿದ್ದಾರೆ. ಅವರು ನಾಚಲಿಲ್ಲ. ಮದ್ರಸದಲ್ಲಿ ಈ ಪಾಠ ಬಂದಾಗ ಗಡಿಬಿಡಿಯಲ್ಲಿ ಪುಟ ತಿರುಗಿಸುತ್ತಿದ್ದವನು ನಾನೇ. ನಿನ್ನಂಥ ಹುಡುಗರು ಹೆದರಿ ಕೂರುವುದಕ್ಕೆ ನನ್ನ ಪಾಲೂ ಇದೆ.

ಪ್ರಶ್ನೆ: ಒಸಡಿನಲ್ಲಿ ಆಗಾಗ ರಕ್ತ, ಕಫ ಬೇರೆ. (ಉಳ್ಳಾಲ)

ಉತ್ತರ: ರಕ್ತ ಬಂದದ್ದಕ್ಕೆ ಮುರಿಯುವುದಿಲ್ಲ, ಮೂಗಿನಿಂದ ಬಂದರೂ ಅಷ್ಟೇ. ಉಗುಳಿ, ನುಂಗಬೇಡಿ. ದಿನವಿಡೀ ಜಿನುಗುವ ಒಸಡಾದರೆ, ಉಗುಳಿಯೂ ಉಳಿದು ಗಂಟಲಿಗಿಳಿಯುವುದಕ್ಕೆ ವಿನಾಯಿತಿ ಇದೆ. ಕಫ ಬಾಯಿಗೆ ಬಂದ ಮೇಲೆ ಉಗುಳಲು ಆಗುವಾಗಲೂ ನುಂಗಿದರೆ ಶಾಫಿಈಗಳಲ್ಲಿ ಮುರಿಯುತ್ತದೆ, ಹನಫಿಗಳಲ್ಲಿ ಇಲ್ಲ. ಬರೀ ಎಂಜಲು ಎಷ್ಟು ನುಂಗಿದರೂ ಅಡ್ಡಿಯಿಲ್ಲ. ಮಸೀದಿ ಅಂಗಳದಲ್ಲಿ ನಿಮಿಷಕ್ಕೊಮ್ಮೆ ತುಪುಕ್ ಎನ್ನುವವರಿಗೆ ಇದನ್ನು ದಯವಿಟ್ಟು ಓದಿ ಹೇಳಿ.