ಬೇಸ್‌ಬಾಲ್ ಬಿಡಬೇಡಿ, ಬರ್ಲಿಂಗ್ಟನ್ನನ್ನೂ ಬಿಡಬೇಡಿ

ಪ್ರೀತಿಯ ಓದುಗರೇ, ನಮಸ್ಕಾರ.

ನಿಮ್ಮ ಪತ್ರ ಮತ್ತು ಅದರ ಜೊತೆಗಿಟ್ಟ ಮೂರು ಅಧ್ಯಾಯಗಳು ತಲುಪಿದವು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೂ ತಿಳಿಯಲಿ ಎಂದು ವಿಷಯ ಏನೆಂದು ಮೊದಲು ಹೇಳಿಬಿಡುತ್ತೇನೆ. ಇವರು ಅಮೆರಿಕದ ಉತ್ತರ ಕೆರೊಲೈನಾದಲ್ಲಿ, ಬರ್ಲಿಂಗ್ಟನ್ ಎಂಬ ಚಿಕ್ಕ ಪಟ್ಟಣದಲ್ಲಿ ಸಂಸಾರ ಮಾಡುತ್ತಿರುವ ಕನ್ನಡತಿ. ಆ ಊರಿನ ಬೇಸ್‌ಬಾಲ್ ಮೈದಾನವನ್ನು ಇಟ್ಟುಕೊಂಡು ಒಂದು ಪ್ರೇಮ ಕಾದಂಬರಿ ಬರೆಯುತ್ತಿದ್ದಾರೆ. ನಾಯಕಿ ಅದೇ ಊರಿನ ಹುಡುಗಿ, ಮೈದಾನದ ಅಂಗಡಿಯಲ್ಲಿ ಹಾಟ್ ಡಾಗ್ ಮಾರುತ್ತಾಳೆ. ನಾಯಕ ಒಂದು ಬೇಸಿಗೆ ಆಡಲು ಬಂದ ಪಿಚರ್, ಅಂದರೆ ಚೆಂಡು ಎಸೆಯುವವನು. ಅವರ ಪ್ರಶ್ನೆ ಇಷ್ಟು: ನಮ್ಮವರಿಗೆ ಈ ಆಟ ಗೊತ್ತಿಲ್ಲ, ಬೇಸ್‌ಬಾಲನ್ನು ಕ್ರಿಕೆಟ್ ಮಾಡಿ, ಬರ್ಲಿಂಗ್ಟನ್ನನ್ನು ಶಿವಮೊಗ್ಗ ಮಾಡಿಬಿಡಲೇ?

ಬೇಡ. ದಯವಿಟ್ಟು ಬೇಡ.

ನಿಮ್ಮ ಕತೆಯ ತೊಡಕು ಹುಟ್ಟುವುದೇ ಆ ಆಟದಿಂದ, ಆ ಊರಿನಿಂದ. ಬರ್ಲಿಂಗ್ಟನ್ನಿನಂಥ ಊರಿನ ತಂಡದ ಮುಖ್ಯ ಕೆಲಸ ಹುಡುಗರನ್ನು ತಯಾರು ಮಾಡಿ ಮೇಲೆ ಕಳಿಸುವುದು. 2007ರಿಂದ 2020ರವರೆಗೆ ಅಲ್ಲಿದ್ದದ್ದು ಕಾನ್ಸಾಸ್ ಸಿಟಿ ರಾಯಲ್ಸ್ ಎಂಬ ದೊಡ್ಡ ತಂಡ ತನ್ನ ಹುಡುಗರನ್ನು ಬೆಳೆಸಲು ಇಟ್ಟುಕೊಂಡ ಕೆಳಗಿನ ತಂಡ. ಚೆನ್ನಾಗಿ ಆಡಿದವನನ್ನು ಮೇಲಿನವರು ಕರೆಸಿಕೊಳ್ಳುತ್ತಿದ್ದರು. 2019ರಲ್ಲಿ ಒಂದು ಮೆಟ್ಟಿಲ ತಂಡದಿಂದ ಮುಂದಿನದಕ್ಕೆ ಏರುವ ಆ ದಾರಿ ಹೀಗಿತ್ತು: ಮೊದಲು ಕೆಂಟಕಿಯ ಲೆಕ್ಸಿಂಗ್ಟನ್, ಆಮೇಲೆ ಡೆಲವೇರಿನ ವಿಲ್ಮಿಂಗ್ಟನ್, ಅಲ್ಲಿಂದ ಅರ್ಕನ್ಸಾ, ನೆಬ್ರಾಸ್ಕಾದ ಒಮಾಹಾ, ಕೊನೆಗೆ ಕಾನ್ಸಾಸ್ ಸಿಟಿ. ಕರೆ ಬಂತು ಅಂದರೆ ಹುಡುಗ ಚೀಲ ಕಟ್ಟಬೇಕು, ಅಷ್ಟೇ.

ಈಗ ನಿಮ್ಮ ನಾಯಕಿಯ ಪಾಡು ನೋಡಿ. ಅವನು ಚೆನ್ನಾಗಿ ಆಡಲಿ ಎಂದು ಅವಳು ಹಾರೈಸಿದಷ್ಟೂ ಅವನು ಬೇಗ ಹೊರಡುತ್ತಾನೆ. ತೀರಾ ಕೆಟ್ಟದಾಗಿ ಆಡಿದರೂ ಅವನನ್ನು ತಂಡದಿಂದ ಬಿಡುತ್ತಾರೆ. ಎರಡು ಕಡೆಯಿಂದಲೂ ಅಗಲಿಕೆ. ಇಷ್ಟು ಇರುವಾಗ ಎರಡನೇ ಅಧ್ಯಾಯದಲ್ಲಿ ನೀವು ತಂದ ಶ್ರೀಮಂತ ಖಳ ಯಾಕೆ ಬೇಕು? ತೆಗೆದುಬಿಡಿ. ಕಳಿಸಿಕೊಡುವ ಈ ಸಂಕಟ ಅವಳೊಬ್ಬಳದ್ದೇ ಅಲ್ಲ, ಊರಿನದ್ದೂ ಹೌದು. 1991ರ ಬೇಸಿಗೆಯಲ್ಲಿ ಮ್ಯಾನಿ ರಮಿರೆಜ್ ಅಲ್ಲಿ ಆಡಿದ. ಆಗ ಅಲ್ಲಿದ್ದದ್ದು ಕ್ಲೀವ್‌ಲ್ಯಾಂಡಿನ ಕೆಳಗಿನ ತಂಡ. ಮುಂದೆ ದೊಡ್ಡ ಲೀಗಿನಲ್ಲಿ, ಅಂದರೆ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗಿನಲ್ಲಿ, ಅವನು ಹೊಡೆದದ್ದು 555 ಹೋಮ್ ರನ್, ನಮ್ಮ ಸಿಕ್ಸರಿನಂಥ ಹೊಡೆತ. ಬರ್ಲಿಂಗ್ಟನ್ನಿಗೆ ಸಿಕ್ಕಿದ್ದು ಆ ಒಂದು ಬೇಸಿಗೆ ಮಾತ್ರ. ನಾಯಕಿಯ ಅಜ್ಜಿ ಅವನ ಆಟ ನೋಡಿರಬಹುದು ಅಲ್ವಾ? ಒಳ್ಳೆಯ ಹುಡುಗರು ಇಲ್ಲಿ ನಿಲ್ಲುವುದಿಲ್ಲ ಎಂದು ಮೊಮ್ಮಗಳಿಗೆ ಹೇಳುವ ಹಕ್ಕು ಅಂಥವಳಿಗೆ ಇರುತ್ತದೆ.

ಆ ಅಜ್ಜಿಯನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. 'ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದಳು' ಅಂತ ಬರೆದು ಮುಂದೆ ಹೋಗಿದ್ದೀರಿ. ಯಾವ ಮಿಲ್ಲು? ಬರ್ಲಿಂಗ್ಟನ್ ಒಂದು ಕಾಲಕ್ಕೆ ಕಾಲುಚೀಲದ ಮಿಲ್ಲುಗಳ ಊರು. ಕಾಲುಚೀಲ ಯಂತ್ರದಿಂದ ಇಳಿಯುವಾಗ ಅದರ ಬೆರಳ ತುದಿ ತೆರೆದೇ ಇರುತ್ತಿತ್ತು. ಅದನ್ನು ಒಂದೊಂದೇ ಹೆಣಿಗೆಯಂತೆ ಸೂಜಿಸಾಲಿಗೆ ಸಿಕ್ಕಿಸಿ ಮುಚ್ಚುವ ಕೆಲಸಕ್ಕೆ ಲೂಪಿಂಗ್ ಅನ್ನುತ್ತಿದ್ದರು. ಕಣ್ಣು, ಬೆರಳು ಎರಡನ್ನೂ ತಿನ್ನುವ ಕೆಲಸ. ಆ ಕೈ, ಆ ಕಣ್ಣು ಅಜ್ಜಿಗೆ ಕೊಡಿ. ಇವತ್ತು ಅಲ್ಲಿ ಆಡುವ ಕಾಲೇಜು ಹುಡುಗರ ತಂಡಕ್ಕೆ ಸಾಕ್ ಪಪೆಟ್ಸ್ ಎಂದು ಹೆಸರಿಟ್ಟಿರುವುದೂ ಆ ಮಿಲ್ಲುಗಳ ನೆನಪಿಗೇ. ಕೆರೊಲೈನಾದ ಎಷ್ಟೋ ಮಿಲ್ಲುಗಳು ಹಿಂದೆ ತಮ್ಮದೇ ಬೇಸ್‌ಬಾಲ್ ತಂಡ ಕಟ್ಟಿಕೊಂಡಿದ್ದವು. ವಾರವೆಲ್ಲ ದುಡಿದವರೇ ಶನಿವಾರ ಆಡುತ್ತಿದ್ದರು. ಅಲ್ಲಿ ಆಟಕ್ಕೂ ಊರಿಗೂ ಇರುವ ನಂಟು ಅಷ್ಟು ಹಳೆಯದು.

ಇನ್ನು ನಾಯಕ. ಅವನಿಗೆ ಊರೇ ಇಲ್ಲ. 'ದೂರದಿಂದ ಬಂದವನು' ಅಂದರೆ ಸಾಲದು. ಅಂಥ ಕೆಳಗಿನ ತಂಡಗಳಿಗೆ ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಕಡೆಯಿಂದ ಬಹಳ ಹುಡುಗರು ಬರುತ್ತಾರೆ. ಅವನನ್ನು ಡೊಮಿನಿಕನ್ ರಿಪಬ್ಲಿಕ್ಕಿನ ಸಾನ್ ಪೆದ್ರೊ ದೆ ಮಕೊರಿಸ್ ಊರಿನವನನ್ನಾಗಿ ಮಾಡಿ ನೋಡಿ. ಅದು ಸಕ್ಕರೆ ಕಾರ್ಖಾನೆಗಳ ಊರು, ದೊಡ್ಡ ಲೀಗಿಗೆ ಎಷ್ಟೋ ಆಟಗಾರರನ್ನು ಕೊಟ್ಟ ಊರು. ಆ ಕಾರ್ಖಾನೆಗಳಿಗೆ ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಸುತ್ತಲಿನ ಕೆರಿಬಿಯನ್ ದ್ವೀಪಗಳಿಂದ ಕಬ್ಬು ಕಡಿಯಲು ಬಂದವರು ಅಲ್ಲಿ ಆಡುತ್ತಿದ್ದದ್ದು ಕ್ರಿಕೆಟ್. ಅವರ ಮಕ್ಕಳು ಮೊಮ್ಮಕ್ಕಳು ಬೇಸ್‌ಬಾಲ್ ಹಿಡಿದರು. ಕನ್ನಡ ಓದುಗರಿಗೆ ಕ್ರಿಕೆಟ್ ಬೇಕು ಅಂತ ನಿಮಗೆ ಅನಿಸಿದರೆ ಅದು ಅವನ ಅಜ್ಜನ ಮನೆಯಲ್ಲೇ ಇದೆ, ಶಿವಮೊಗ್ಗದಿಂದ ತರಬೇಕಾಗಿಲ್ಲ. ಆಗ ಸಕ್ಕರೆ ಮಿಲ್ಲಿನ ಊರಿನ ಹುಡುಗ, ಕಾಲುಚೀಲದ ಮಿಲ್ಲಿನ ಊರಿನ ಹುಡುಗಿ ಎದುರಾಗುತ್ತಾರೆ. ಅವನಿಗೆ ಅರ್ಧಂಬರ್ಧ ಇಂಗ್ಲಿಷ್, ಅವಳಿಗೆ ಸ್ಪ್ಯಾನಿಷ್ ಬಾರದು.

ಅವನ ಜೇಬನ್ನೂ ನೆನಪಿಡಿ. 2019ರಲ್ಲಿ ಆ ಮಟ್ಟದ ಆಟಗಾರನಿಗೆ ವಾರಕ್ಕೆ 290 ಡಾಲರ್ ಸಂಬಳ, ಅದೂ ಆಟದ ಋತು ನಡೆಯುವ ವಾರಗಳಿಗೆ ಮಾತ್ರ. ನಿಮ್ಮ ನಾಯಕ ಅವಳಿಗೆ ಉಂಗುರ ಕೊಡುತ್ತಾನೆ. ಎಲ್ಲಿಂದ ತಂದ?

ಆಟ ಎಷ್ಟು ವಿವರಿಸಬೇಕು ಎಂದೂ ಕೇಳಿದ್ದೀರಿ. ನಿಯಮಗಳ ಪಾಠ ಮಾಡಬೇಡಿ. ಮೊದಲ ಅಧ್ಯಾಯದ ಆ ಎರಡು ಪುಟ ಯಾರೂ ಓದುವುದಿಲ್ಲ. ಅವಳ ಕೈಗೆ ಒಂದು ಪೆನ್ಸಿಲ್ ಕೊಡಿ. ಬೇಸ್‌ಬಾಲ್ ನೋಡುವವರಲ್ಲಿ ಸ್ಕೋರ್ ತಾವೇ ಬರೆದುಕೊಳ್ಳುವವರು ಇದ್ದಾರೆ, ಒಬ್ಬೊಬ್ಬ ಬ್ಯಾಟರನ ಸರದಿಗೂ ಒಂದು ಚೌಕ. ಬ್ಯಾಟ್ ಬೀಸಿ, ಚೆಂಡು ಸಿಗದೆ ಔಟಾದವನಿಗೆ ಇಂಗ್ಲಿಷಿನ ಕೆ ಅಕ್ಷರ. ಬೀಸದೆ ಸುಮ್ಮನೆ ನಿಂತು ಔಟಾದವನಿಗೆ ಅದೇ ಕೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಹಿಂದಿನ ದಿನದ ಆಟಕ್ಕೆ ಅವಳು ಬರೆದಿಟ್ಟ ಆ ತಿರುಗಿದ ಕೆಯನ್ನು ಅವನು ಪಕ್ಕದಲ್ಲಿ ನಿಂತು ನೋಡಲಿ, ಇದೇನು ಎಂದು ಕೇಳಲಿ. ಓದುಗರಿಗೂ ಆಟ ಅರ್ಥವಾಗುತ್ತದೆ, ಇವರ ಮಾತೂ ಶುರುವಾಗುತ್ತದೆ. ಪಿಚರ್ ಅಂಗಡಿ ಹತ್ತಿರ ಬರಲು ಪುರುಸೊತ್ತು ಎಲ್ಲಿ ಎನ್ನಬೇಡಿ. ಒಂದು ದಿನ ಆಟ ಶುರು ಮಾಡಿದ ಪಿಚರ್ ಸಾಮಾನ್ಯವಾಗಿ ಮುಂದಿನ ನಾಲ್ಕು ದಿನ ಎಸೆಯುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಆಟ ಶುರುವಾಗುವ ತನಕ ಅವನಿಗೆ ಬಿಡುವಿದೆ.

ಮೂರನೇ ಅಧ್ಯಾಯದಲ್ಲಿ ಅವನು ಕೊನೆಯ ಇನ್ನಿಂಗ್ಸಿನಲ್ಲಿ ಹೋಮ್ ರನ್ ಹೊಡೆದು ಅವಳ ಕಡೆ ಕೈ ಬೀಸುತ್ತಾನೆ. ಇದು ಆಗುವುದಿಲ್ಲ. ಬರ್ಲಿಂಗ್ಟನ್ ಆಡುತ್ತಿದ್ದ ಲೀಗಿನಲ್ಲಿ ಪಿಚರ್ ಬ್ಯಾಟ್ ಮಾಡುತ್ತಿರಲಿಲ್ಲ, ಅವನ ಬದಲಿಗೆ ಇನ್ನೊಬ್ಬ ಮಾಡುತ್ತಿದ್ದ. ಬರ್ಲಿಂಗ್ಟನ್ನಿನಲ್ಲಿ ಯಾರಾದರೂ ಈ ಪುಟ ಓದಿದರೆ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ.

ಕತೆಯನ್ನು 2019ರ ಬೇಸಿಗೆಯಲ್ಲಿ ಇಡಿ ಎಂಬುದು ನನ್ನ ಸಲಹೆ. 2020ರಲ್ಲಿ ಕೋವಿಡ್‌ನಿಂದಾಗಿ ಕೆಳಗಿನ ಲೀಗುಗಳ ಆಟ ಪೂರ್ತಿ ನಿಂತಿತು. 2021ಕ್ಕೆ ದೊಡ್ಡ ಲೀಗಿನವರು ತಮ್ಮ ಕೆಳಗಿನ ತಂಡಗಳನ್ನು 120ಕ್ಕೆ ಇಳಿಸಿದರು. 40ಕ್ಕೂ ಹೆಚ್ಚು ತಂಡಗಳ ನಂಟು ಕಡಿದುಹೋಯಿತು, ಬರ್ಲಿಂಗ್ಟನ್ನಿನದೂ. ಹಾಗಾಗಿ 2019 ಅಲ್ಲಿ ರಾಯಲ್ಸ್‌ನ ಆ ಕೆಳಗಿನ ತಂಡ ಆಡಿದ ಕೊನೆಯ ಬೇಸಿಗೆ. ನಿಮ್ಮ ಪಾತ್ರಗಳಿಗೆ ಅದು ಗೊತ್ತಿಲ್ಲ. ಮುಂದಿನ ವರ್ಷ ಸಿಗೋಣ ಎಂದು ಯಾರೋ ಸಹಜವಾಗಿ ಹೇಳಿ ಹೋಗಲಿ, ಸಾಕು. ನೀವು ಅದರ ಬಗ್ಗೆ ಒಂದು ಮಾತೂ ಸೇರಿಸಬೇಡಿ.

ಪ್ರೇಮ ಕಾದಂಬರಿ ಅಂದರೆ ಹಗುರ ಎಂದು ನಿಮ್ಮ ಪರಿಚಯದವರು ಅಂದರಂತೆ. ಕನ್ನಡದಲ್ಲಿ ಎಷ್ಟೋ ಮನೆಗಳಿಗೆ ಓದುವ ಅಭ್ಯಾಸ ತಂದದ್ದು ವಾರಪತ್ರಿಕೆಯ ಧಾರಾವಾಹಿಗಳು, ಅದರಲ್ಲೂ ಹೆಣ್ಣುಮಕ್ಕಳು ಬರೆದವು. ಆ ಮಾತಿಗೆ ಕಿವಿ ಕೊಡಬೇಡಿ.

ಕೊನೆಗೆ ಇಬ್ಬರೂ ಸೇರಲೇಬೇಕೇ ಎಂಬುದಕ್ಕೆ ನನ್ನ ಉತ್ತರ: ಹೌದು, ಸೇರಲಿ. ಪ್ರೇಮ ಕಾದಂಬರಿ ಕೈಗೆತ್ತಿಕೊಂಡವರಿಗೆ ಆ ಭರವಸೆ ಕೊಟ್ಟೇ ಶುರು ಮಾಡಿರುತ್ತೇವೆ. ಆದರೆ ಅವಳು ಎಲ್ಲ ಬಿಟ್ಟು ಅವನ ಬಸ್ಸಿನ ಹಿಂದೆ ಹೋಗುವುದೂ ಬೇಡ, ಅವನು ಆಟ ಬಿಟ್ಟು ಅಂಗಡಿಯಲ್ಲಿ ಕೂರುವುದೂ ಬೇಡ. ಮೂರನೆಯ ದಾರಿ ಹುಡುಕಿ. ಅದಕ್ಕೆ ಒಂದೇ ಬೇಸಿಗೆ ಸಾಲದಿದ್ದರೆ ಎರಡು ಮೂರು ವರ್ಷ ತೆಗೆದುಕೊಳ್ಳಿ.

ತಿದ್ದಿದ ಅಧ್ಯಾಯಗಳ ಜೊತೆ ಮುಂದಿನ ಎರಡನ್ನೂ ಕಳಿಸಿ. ಧಾರಾವಾಹಿಯಾಗಿ ಹಾಕುವ ವಿಚಾರ ಪೂರ್ತಿ ಹಸ್ತಪ್ರತಿ ಓದಿದ ಮೇಲೆ ಹೇಳುತ್ತೇನೆ. ಅಜ್ಜಿಯ ಭಾಗ ಮಾತ್ರ ಮೊದಲು ಬರೆಯಿರಿ.

– ಸಂಪಾದಕ