ಮಧ್ಯಾಹ್ನ ಆದರೆ ಸಾಕು, ಕಂಪ್ಯೂಟರ್ ತಾನಾಗೇ ಆಫ್!

ಪ್ರಶ್ನೆ: ಸರ್, ರಾಯಚೂರಿನಲ್ಲಿ ನನ್ನದೊಂದು ಚಿಕ್ಕ ಜೆರಾಕ್ಸ್ ಅಂಗಡಿ ಇದೆ, ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಕಂಪ್ಯೂಟರ್ ಅಸೆಂಬಲ್ ಮಾಡಿಸಿದ್ದು, ಇಂಟೆಲ್ ಐ5 ನಾಲ್ಕನೇ ಜನರೇಷನ್. ಎರಡು ತಿಂಗಳಿಂದ ಬೆಳಿಗ್ಗೆ ಚೆನ್ನಾಗಿರುತ್ತದೆ, ಹನ್ನೆರಡು ದಾಟಿತೋ ಫ್ಯಾನ್ ಹಿಟ್ಟಿನ ಗಿರಣಿ ಥರ ಸದ್ದು ಮಾಡಿ ಪಟ್ ಅಂತ ಆಫ್ ಆಗುತ್ತದೆ. ಮಾನಿಟರ್ ಆನ್ ಇದ್ದು ‘ನೋ ಸಿಗ್ನಲ್’ ತೋರಿಸುತ್ತದೆ. ತಕ್ಷಣ ಆನ್ ಮಾಡಿದರೆ ಎರಡೇ ನಿಮಿಷಕ್ಕೆ ಮತ್ತೆ ಆಫ್. ಚಹಾ ಕುಡಿದು ಬಂದು ಆನ್ ಮಾಡಿದರೆ ಒಂದು ತಾಸು ನಡೆಯುತ್ತದೆ. ರಿಪೇರಿಯವರು ವಿಂಡೋಸ್ ಫಾರ್ಮ್ಯಾಟ್ ಮಾಡಿ 500 ರೂಪಾಯಿ ತಗೊಂಡರು, ಏನೂ ಬದಲಾಗಲಿಲ್ಲ. ಈಗ ಮದರ್‌ಬೋರ್ಡ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲಾ? ಸಿಪಿಯು ಡಬ್ಬ ಟೇಬಲ್‌ನ ಕೆಳಗಿನ ಖಾನೆಯಲ್ಲಿದೆ, ಪಕ್ಕದಲ್ಲೇ ಜೆರಾಕ್ಸ್ ಮಷಿನ್.

ಉತ್ತರ: ಸದ್ಯಕ್ಕೆ ಬೇಡ. ಮದರ್‌ಬೋರ್ಡ್ ದುಡ್ಡು ಜೇಬಲ್ಲೇ ಇರಲಿ.

ರೋಗ ಏನು ಅಂತ ನೀವೇ ಮುಕ್ಕಾಲು ಪಾಲು ಹೇಳಿಬಿಟ್ಟಿದ್ದೀರಿ. ತಕ್ಷಣ ಆನ್ ಮಾಡಿದರೆ ಎರಡು ನಿಮಿಷ, ಚಹಾ ಕುಡಿದು ಬಂದರೆ ಒಂದು ತಾಸು ಅಂದಿರಲ್ಲ, ಅದೇ ದೊಡ್ಡ ಸುಳಿವು. ಕಾದಿದ್ದು ತಣ್ಣಗಾಗಲು ಹೊತ್ತು ಬೇಕು. ಬರೀ ಕರೆಂಟಿನ ತೊಂದರೆ ಆಗಿದ್ದರೆ ಅದು ಚಹಾ ಮುಗಿಯುವ ತನಕ ಕಾಯುತ್ತಿರಲಿಲ್ಲ, ಬೆಳಿಗ್ಗೆಯೂ ಕೈ ಕೊಡುತ್ತಿತ್ತು. ಇನ್ನು ಮಾನಿಟರ್ ಆನ್ ಇರುತ್ತದೆ ಅಂದಿರಿ. ಎರಡಕ್ಕೂ ಒಂದೇ ಯುಪಿಎಸ್ ಇದ್ದರೆ ಯುಪಿಎಸ್ ತಪ್ಪಿಲ್ಲ ಅಂತಾಯ್ತು, ಅದು ಕೈ ಕೊಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಇಡೀ ಡಬ್ಬಕ್ಕೇ ಸಿಪಿಯು ಅನ್ನುತ್ತೇವೆ, ಅಲ್ವಾ? ಗೊಂದಲ ಆಗದಿರಲಿ ಅಂತ ಒಳಗಿನ ಚಿಪ್ಪಿಗೆ ನಾನು ಪ್ರೊಸೆಸರ್ ಅನ್ನುತ್ತೇನೆ. ಈ ಪ್ರೊಸೆಸರ್ ಸುಮಾರು 100 ಡಿಗ್ರಿ ಮುಟ್ಟಿದರೆ ಮೊದಲು ತಾನೇ ನಿಧಾನ ಆಗುತ್ತದೆ. ಅದಕ್ಕೂ ಬಗ್ಗದೆ ಬಿಸಿ ಇನ್ನೂ ಏರಿದರೆ ಕಂಪ್ಯೂಟರನ್ನೇ ಆಫ್ ಮಾಡಿಸುತ್ತದೆ. ಸುಟ್ಟುಹೋಗುವ ಬದಲು ನಿಂತುಬಿಡೋಣ ಅನ್ನುವ ಲೆಕ್ಕ. ಮೊದಲು ಎಲ್ಲ ಪ್ರೊಸೆಸರ್‌ಗಳಿಗೂ ಈ ಬುದ್ಧಿ ಇರಲಿಲ್ಲ. 2001ರ ಹೊತ್ತಿಗೆ ಬರುತ್ತಿದ್ದ ಎಎಂಡಿ ಕಂಪನಿಯ ಅಥ್ಲಾನ್ ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ (ಬಿಸಿ ಹೀರಿಕೊಳ್ಳುವ ಲೋಹದ ತುಂಡು) ಕಿತ್ತರೆ ಕೆಲವೇ ಸೆಕೆಂಡಿಗೆ ಹೊಗೆ ಬರುತ್ತಿತ್ತು.

ಊಹೆ ಬೇಡ, ಅಳತೆ ಮಾಡಿ. ಹೆಚ್‌ಡಬ್ಲ್ಯೂಮಾನಿಟರ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, ಹಾಕಿಕೊಂಡು ಬೆಳಿಗ್ಗೆಯಿಂದಲೇ ತೆರೆದಿಡಿ. ಪ್ರೊಸೆಸರ್ ಸಾಲಿನಲ್ಲಿ ‘ಮ್ಯಾಕ್ಸ್’ ಅನ್ನುವ ಕಾಲಂ ನೋಡುತ್ತಿರಿ. ಫ್ಯಾನ್ ಗಿರಣಿ ಸದ್ದು ಶುರು ಮಾಡಿದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೊ ಹೊಡೆಯಿರಿ, ಯಾಕೆಂದರೆ ಆಫ್ ಆದರೆ ಆ ಅಂಕಿಯೂ ಹೋಗುತ್ತದೆ. 95, 98, 100 ಅಂತ ಬಂದರೆ ಅನುಮಾನವೇ ಇಲ್ಲ. ಅರ್ಜಿ ತುಂಬುವಂಥ ಕೆಲಸಕ್ಕೆ 80ರ ಒಳಗೆ ಇದ್ದರೆ ನಿಮ್ಮ ಊರಿನ ಬಿಸಿಲಿಗೆ ತಕರಾರಿಲ್ಲ. ಕಂಪ್ಯೂಟರಿನಲ್ಲಿ ನಡೆದದ್ದನ್ನು ಬರೆದಿಡುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಅಂತ ಕೆಂಪಗೆ ಕಾಣಬಹುದು, ಅದನ್ನು ನೋಡಿ ಗಾಬರಿ ಆಗಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅನ್ನುವುದಷ್ಟೇ ಅದರ ಅರ್ಥ, ಯಾಕೆ ಅಂತ ಅದು ಹೇಳುವುದಿಲ್ಲ.

ಊರಿನ ಬಿಸಿಲು ಅಂದೆನಲ್ಲ, ಅದು ಸುಮ್ನೆ ಮಾತಲ್ಲ. ಫ್ಯಾನ್ ತಂಪು ಹುಟ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನೇ ಹೀಟ್‌ಸಿಂಕ್ ಮೇಲೆ ಊದುತ್ತದೆ. ಮೈಸೂರಿನ ಒಂದು ಮನೆಯಲ್ಲಿ ಕೋಣೆ 26 ಡಿಗ್ರಿ ಇದ್ದಾಗ 75ಕ್ಕೆ ನಿಲ್ಲುವ ಪ್ರೊಸೆಸರ್, 40 ಡಿಗ್ರಿ ಇರುವ ನಿಮ್ಮ ಅಂಗಡಿಯಲ್ಲಿ ಅದೇ ಧೂಳು ಅದೇ ಕೆಲಸಕ್ಕೆ 89ರ ಆಸುಪಾಸು ಹೋಗುತ್ತದೆ. ಅದರ ಮೇಲೆ ನೀವು ಅದನ್ನು ಮರದ ಖಾನೆಯಲ್ಲಿ ಕೂರಿಸಿ, ಬಿಸಿಗಾಳಿ ಬಿಡುವ ಜೆರಾಕ್ಸ್ ಮಷಿನ್ ಪಕ್ಕ ಇಟ್ಟಿದ್ದೀರಿ. ಆ ಟೇಬಲ್ ಮಾಡಿದವರಿಗೆ ಕಂಪ್ಯೂಟರ್ ಬಿಸಿ ಆಗುತ್ತದೆ ಅಂತ ಯಾರೂ ಹೇಳಿರಲಿಲ್ಲ ಅನಿಸುತ್ತದೆ. ಹಿಂದೆ ಹಲಗೆ, ಪಕ್ಕ ಹಲಗೆ, ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಇವತ್ತೇ ಡಬ್ಬವನ್ನು ಆಚೆ ತೆಗೆದು ಪಕ್ಕದ ಬಾಗಿಲು ಬಿಚ್ಚಿ, ಟೇಬಲ್ ಫ್ಯಾನ್ ತಿರುಗಿಸಿ ಒಂದು ಮಧ್ಯಾಹ್ನ ಓಡಿಸಿ ನೋಡಿ. ಇದು ಪರೀಕ್ಷೆ ಮಾತ್ರ. ಹಾಗೇ ಬಿಚ್ಚಿಟ್ಟು ದಿನಾ ನಡೆಸಿದರೆ ಹಲ್ಲಿ, ಜಿರಲೆ ಒಳಗೆ ಸಂಸಾರ ಹೂಡುತ್ತವೆ.

ಈಗ ಒಳಗೆ ನೋಡಿ. ಸ್ವಿಚ್ ಆಫ್ ಮಾಡಿ ವೈರ್ ಕಿತ್ತು, ಡಬ್ಬವನ್ನು ಅಂಗಡಿಯ ಹೊರಗೆ ತನ್ನಿ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ನಿಮ್ಮಲ್ಲಿರುವುದು ಬರೀ ರಸ್ತೆ ಧೂಳಲ್ಲ, ಟೋನರ್ ಪುಡಿಯೂ ಸೇರಿರುತ್ತದೆ. ಬೆಳಿಗ್ಗೆ ಪೂಜೆಯ ಊದುಬತ್ತಿ ಹೊಗೆ ಬೇರೆ. ಪ್ರೊಸೆಸರ್ ಫ್ಯಾನಿನ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳು ಕಾಣುತ್ತವೆ, ಅವುಗಳ ಸಂದಿಯಲ್ಲಿ ಕಂಬಳಿ ಹಾಸಿದ ಹಾಗೆ ಧೂಳು ಕೂತಿರುತ್ತದೆ. ಮೇಲಿಂದ ನೋಡಿದರೆ ಫ್ಯಾನ್ ಸೊಗಸಾಗಿ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಕೆಳಗೆ ಹೋಗುತ್ತಿರುವುದಿಲ್ಲ. ಆ ಧೂಳು ತೆಗೆಯಲು ಬ್ಲೋವರ್‌ನಿಂದ ಗಾಳಿ ಬಿಡುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಬುಗುರಿ ಥರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ.

ಧೂಳು ಹೋದ ಮೇಲೂ ಬಿಸಿ ಇಳಿಯದಿದ್ದರೆ ಎರಡು ಅನುಮಾನ. ಮೊದಲನೆಯದು ಇಂಟೆಲ್ ಕೂಲರ್‌ನ, ಅಂದರೆ ಆ ಫ್ಯಾನ್ ಮತ್ತು ಹೀಟ್‌ಸಿಂಕ್ ಜೋಡಿಯ, ನಾಲ್ಕು ಪ್ಲಾಸ್ಟಿಕ್ ಕಾಲುಗಳು. ನನ್ನ ಪ್ರಕಾರ ಇಡೀ ಕಂಪ್ಯೂಟರಿನಲ್ಲಿ ಇಷ್ಟು ಬಡಕಲು ವಸ್ತು ಇನ್ನೊಂದಿಲ್ಲ. ಒಂದು ಕಾಲು ಸಡಿಲವಾದರೂ ಹೀಟ್‌ಸಿಂಕ್ ಒಂದು ಕಡೆ ಎದ್ದು, ಪ್ರೊಸೆಸರ್‌ಗೆ ಸರಿಯಾಗಿ ತಾಗುವುದಿಲ್ಲ. ಹಗುರಾಗಿ ಅಲ್ಲಾಡಿಸಿ ನೋಡಿ, ಅಲ್ಲಾಡಬಾರದು. ಎರಡನೆಯದು ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸಲು ಎರಡರ ನಡುವೆ ಹಚ್ಚುವ ಲೇಪ. ನಾಲ್ಕನೇ ಜನರೇಷನ್ ಬಂದದ್ದು 2013ರಲ್ಲಿ. ಆಗಿನ ಪೇಸ್ಟೇ ಇನ್ನೂ ಇದ್ದರೆ ಒಣಗಿ ಸುಣ್ಣದ ಹಕ್ಕಳೆ ಥರ ಆಗಿರುತ್ತದೆ. ಫ್ಯಾನಿನ ವೈರ್ ಕಿತ್ತು, ನಾಲ್ಕೂ ಕಾಲಿನ ತಲೆಯನ್ನು ಬಾಣದ ಗುರುತಿನ ಕಡೆಗೆ ತಿರುಗಿಸಿ ಮೇಲಕ್ಕೆ ಎಳೆದರೆ ಕೂಲರ್ ಬಿಡುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದ ಬಟ್ಟೆಯಿಂದ ಒರೆಸಿ, ಹೊಸದನ್ನು ಬಟಾಣಿ ಕಾಳಿಗಿಂತ ಚೂರು ಕಡಿಮೆ ಇಡಿ. ಹೋಳಿಗೆಗೆ ತುಪ್ಪ ಸವರಿದ ಹಾಗೆ ಸವರುವವರಿದ್ದಾರೆ, ಜಾಸ್ತಿ ಹಾಕಿದರೆ ಜಾಸ್ತಿ ತಂಪಾಗುವುದಿಲ್ಲ. ಕೂರಿಸುವಾಗ ಕಾಲಿನ ತಲೆಗಳನ್ನು ಮೊದಲಿನ ಜಾಗಕ್ಕೆ ತಿರುಗಿಸಿ, ಎದುರುಬದುರು ಮೂಲೆಗಳನ್ನು ಒಟ್ಟಿಗೆ ಒತ್ತಿ. ಟಕ್ ಅಂತ ಸದ್ದು ಬರಬೇಕು. ಫ್ಯಾನಿನ ವೈರನ್ನು ವಾಪಸ್ ಹಾಕುವುದು ಮರೆಯಬೇಡಿ, ಮರೆಯುವವರೇ ಹೆಚ್ಚು. ಕಾಲು ಮುರಿದಿದ್ದರೆ 1150, 1155, 1151, ಇವುಗಳಲ್ಲಿ ಯಾವ ಸಾಕೆಟ್‌ನ (ಪ್ರೊಸೆಸರ್ ಕೂರುವ ಜಾಗದ) ಕೂಲರ್ ತಂದರೂ ಕೂರುತ್ತದೆ, ತೂತುಗಳ ಅಳತೆ ಒಂದೇ.

ಫೋಟೊದಲ್ಲಿ ಪ್ರೊಸೆಸರ್ 60, 65ರಲ್ಲೇ ಇದ್ದೂ ಆಫ್ ಆಗುತ್ತಿದ್ದರೆ ಕಥೆ ಬೇರೆ. ಆಗ ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಡಬ್ಬದೊಳಗೆ ಎಲ್ಲ ಭಾಗಗಳಿಗೂ ಕರೆಂಟು ಕೊಡುವ ಪೆಟ್ಟಿಗೆಯ ಮೇಲೆ. ಅದರ ಫ್ಯಾನ್ ನಿಂತಿದ್ದರೆ ಅದೂ ಕಾದು ಹೀಗೇ ಆಫ್ ಆಗಬಹುದು, ತಣ್ಣಗಾದ ಮೇಲೆ ಏನೂ ಆಗದವರ ಹಾಗೆ ನಡೆಯುತ್ತದೆ. ಹಿಂದೆ ಕೈ ಹಿಡಿದು ಗಾಳಿ ಬರುತ್ತಿದೆಯಾ ನೋಡಿ. ಅದನ್ನು ಮಾತ್ರ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಗೊತ್ತಿರುವವರ ಹತ್ತಿರ ಒಂದು ದಿನಕ್ಕೆ ಬೇರೆ ಎಸ್‌ಎಂಪಿಎಸ್ ಇಸಕೊಂಡು ಹಾಕಿ ನೋಡಿ.

ಫಾರ್ಮ್ಯಾಟ್ ವಿಷಯ. ಒಂದೇ ಒಂದು ಸಂದರ್ಭದಲ್ಲಿ ಅದು ಉಪಯೋಗಕ್ಕೆ ಬರುತ್ತದೆ: ಯಾವುದೋ ವೈರಸ್ ಹೊಕ್ಕು ಪ್ರೊಸೆಸರನ್ನು ಇಡೀ ದಿನ 100 ಪರ್ಸೆಂಟ್ ದುಡಿಸುತ್ತಿದ್ದರೆ. ಅದನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ಅರ್ಧ ನಿಮಿಷದಲ್ಲಿ ನೋಡಬಹುದಿತ್ತು, 500 ರೂಪಾಯಿ ಬೇಕಿರಲಿಲ್ಲ.

ಇಷ್ಟೆಲ್ಲ ಮಾಡಲು ಭಾನುವಾರದ ತನಕ ಬಿಡುವಿಲ್ಲ, ಅಲ್ಲಿಯವರೆಗೆ ಗಿರಾಕಿ ಕಾಯುವುದಿಲ್ಲ ಅಂದರೆ ಪವರ್ ಆಪ್ಷನ್ಸ್‌ನಲ್ಲಿ ‘ಮ್ಯಾಕ್ಸಿಮಂ ಪ್ರೊಸೆಸರ್ ಸ್ಟೇಟ್’ 100 ಇರುವುದನ್ನು 99 ಮಾಡಿ. ಟರ್ಬೊ, ಅಂದರೆ ಪ್ರೊಸೆಸರ್ ಆಗಾಗ ಮಾಮೂಲಿಗಿಂತ ಜೋರಾಗಿ ಓಡುವುದು, ನಿಲ್ಲುತ್ತದೆ, ಬಿಸಿ ಸ್ವಲ್ಪ ಇಳಿಯುತ್ತದೆ, ಅರ್ಜಿ ತುಂಬುವ ಕೆಲಸದಲ್ಲಿ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಡಬ್ಬವನ್ನು ಮಾತ್ರ ಆ ಖಾನೆಗೆ ವಾಪಸ್ ತೂರಿಸಬೇಡಿ. ಜೆರಾಕ್ಸ್ ಮಷಿನ್‌ನಿಂದ ದೂರ, ಹಿಂದೆ ಒಂದು ಗೇಣು ಜಾಗ ಬಿಟ್ಟು ಸ್ಟೂಲ್ ಮೇಲಿಡಿ. ಎಲ್ಲ ಮಾಡಿದ ಮೇಲೂ ಆಫ್ ಆದರೆ ಆ ಹೊತ್ತಿನ ಫೋಟೊ ಕಳಿಸಿ, ಮದರ್‌ಬೋರ್ಡ್ ಮಾತು ಆಗ ಆಡೋಣ.