300 ಡಿಗ್ರಿಯಲ್ಲಿ ಬಂದರೆ ಹೋಲ್ಡಿಂಗ್ ಪ್ರವೇಶ ಯಾವುದು?

ಹೋಲ್ಡಿಂಗ್ ಎಂದರೆ ವಿಮಾನ ಕಾಯುತ್ತ, ಫಿಕ್ಸ್ ಎಂಬ ನಿಗದಿತ ಬಿಂದುವಿನ ಬಳಿ ಸುತ್ತು ಹಾಕುವ ಪಥ. ಒಳಬರುವ ಪಥ (ಫಿಕ್ಸ್‌ನತ್ತ ಹಾರುವ ದಿಕ್ಕು) 090 ಡಿಗ್ರಿಯಾಗಿರುವ, ಬಲತಿರುವಿನ ಹೋಲ್ಡಿಂಗ್‌ಗೆ 300 ಡಿಗ್ರಿ ಹೆಡಿಂಗ್‌ನಲ್ಲಿ (ಮೂತಿ ತೋರುವ ದಿಕ್ಕಿನಲ್ಲಿ) ಬರುವ ವಿಮಾನ ಟಿಯರ್‌ಡ್ರಾಪ್ ಪ್ರವೇಶವನ್ನು (ಹೊರಹೋಗುವ ದಿಕ್ಕಿನಿಂದ 30 ಡಿಗ್ರಿ ಹೋಲ್ಡಿಂಗ್ ಬದಿಗೆ ಹಾರಿ ತಿರುಗುವುದು) ಏಕೆ ಮಾಡಬಾರದು ಎಂದು ನೀವು ಕೇಳಿದ್ದೀರಿ. ಇದನ್ನು ನಿರ್ಧರಿಸುವುದು ಫಿಕ್ಸ್ ತಲುಪುವಾಗಿನ ಹೆಡಿಂಗ್. ಇಲ್ಲಿ ಒಳಬರುವ ಪಥಕ್ಕೆ ವಿರುದ್ಧವಾದ ಹೊರಹೋಗುವ ದಿಕ್ಕು 270 ಆಗಿರುವುದರಿಂದ, 200ರಿಂದ 270ರವರೆಗಿನ 70 ಡಿಗ್ರಿ ಟಿಯರ್‌ಡ್ರಾಪ್‌ಗೂ, 270ರಿಂದ ಉತ್ತರವನ್ನು ದಾಟಿ 020ರವರೆಗಿನ 110 ಡಿಗ್ರಿ ಪ್ಯಾರಲಲ್ ಪ್ರವೇಶಕ್ಕೂ (ಒಳಬರುವ ಪಥಕ್ಕೆ ಸಮಾಂತರವಾಗಿ ಹೊರಗೆ ಹಾರಿ ಮರಳುವುದು), ಉಳಿದ 180 ಡಿಗ್ರಿ ನೇರ ಪ್ರವೇಶಕ್ಕೂ (ಫಿಕ್ಸ್ ದಾಟಿ ನೇರವಾಗಿ ಸುತ್ತಿಗೆ ತಿರುಗುವುದು) ಸೇರುತ್ತವೆ. ನಿಮ್ಮ 300 ಪ್ಯಾರಲಲ್ ವಲಯದಲ್ಲಿದೆ. ಟಿಯರ್‌ಡ್ರಾಪ್‌ಗಾದರೆ 240ಕ್ಕೆ, ಅಂದರೆ 60 ಡಿಗ್ರಿ ಎಡಕ್ಕೆ ತಿರುಗಬೇಕಾಗುತ್ತಿತ್ತು. ಪ್ಯಾರಲಲ್‌ಗೆ 30 ಡಿಗ್ರಿ ಸಾಕು.

ಆದ್ದರಿಂದ ಫಿಕ್ಸ್ ದಾಟಿದೊಡನೆ 270ಕ್ಕೆ ತಿರುಗಿ, 14,000 ಅಡಿ ಅಥವಾ ಅದಕ್ಕಿಂತ ಕೆಳಗಿದ್ದರೆ 1 ನಿಮಿಷ ಹಾರಿ, ಅನಂತರ ಎಡಕ್ಕೆ, ಅಂದರೆ ಹೋಲ್ಡಿಂಗ್ ಇರುವ ದಕ್ಷಿಣದ ಕಡೆಗೆ ತಿರುಗಿ ಫಿಕ್ಸ್‌ಗೆ ಮರಳಬೇಕು. ಎರಡನೆಯ ಬಾರಿ ಅದನ್ನು ದಾಟಿದ ಮೇಲೆ ಬಲತಿರುವು ಆರಂಭವಾಗುತ್ತದೆ. ಆ ಎಡತಿರುವಿನಲ್ಲಿಯೇ ಕಲಿಯುವವರು ತಪ್ಪುವುದುಂಟು. ಬಲಕ್ಕೆ ತಿರುಗಿದರೆ ವಿಮಾನ ಹೋಲ್ಡಿಂಗ್‌ನಿಂದ ದೂರ, ಸಂರಕ್ಷಿತ ಪ್ರದೇಶದ (ಅಡೆತಡೆಗಳಿಂದ ಸುರಕ್ಷಿತವೆಂದು ಗುರುತಿಸಿದ ಜಾಗದ) ಅಂಚಿನತ್ತ ಸಾಗುತ್ತದೆ. ಸುತ್ತ ಬೆಟ್ಟಗಳಿರುವಲ್ಲಿ ಇದು ನಿಜಕ್ಕೂ ಅಪಾಯಕರ, ದಯವಿಟ್ಟು ಎಚ್ಚರವಿರಲಿ.

ವಲಯದ ಗಡಿಯ ಎರಡೂ ಬದಿಗೆ 5 ಡಿಗ್ರಿಗಳ ಸಡಿಲಿಕೆ ಇದೆ. 273ರಲ್ಲಿ ಬಂದಿದ್ದರೆ ನಿಮ್ಮ ಟಿಯರ್‌ಡ್ರಾಪ್ ಕೂಡ ಸರಿಯಾಗುತ್ತಿತ್ತು.